ಜರ್ಮೇನಿಯಂ ಆರಿಸಿದ್ದು ನಾನು

ಆ ವಿಡಿಯೊದಲ್ಲಿ ಅವನ ಕೈಯಲ್ಲಿದ್ದ ಡಬ್ಬಿ ನನ್ನದು. ಮುಚ್ಚಳದ ಮೂಲೆಯಲ್ಲಿ ನನ್ನ ಡ್ರಿಲ್ ಜಾರಿ ಎಳೆದ ಗೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಊಟಕ್ಕೆ ಕುಳಿತಿದ್ದಾಗ ನಮ್ಮ ಕನ್ನಡ ಟೀಚರ್ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದು, "ಇದ್ ನೀವ್ ಮಾಡದ್ದಲ್ದಾ ಟೀಚರೇ? ಇವ್ರ್ ತಾನ್ ಮಾಡದ್ದ್ ಅಂತ್ರಲೆ?" ಎಂದರು. ಪೂರ್ತಿ ಕೇಳಿದೆ. ಅನ್ನ ಹಾಗೇ ಮುಚ್ಚಿಟ್ಟೆ. ಮಧ್ಯಾಹ್ನದ ತರಗತಿಯಲ್ಲಿ ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿಯುತ್ತಲೇ ಇತ್ತು. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ನಾನು ಬ್ರಹ್ಮಾವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಕುಂದಾಪುರದಲ್ಲಿ. ಮನೆಯಲ್ಲಿ ಅಮ್ಮ ಮತ್ತು ನಾನು. ಗಿಟಾರ್ ಮೊದಲು ನಮ್ಮ ಮನೆಗೆ ಬಂದದ್ದು ನನಗಾಗಿ ಅಲ್ಲ. ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಪ್ಪ ಒಂದು ರಜೆಗೆ ಬರುವಾಗ ತಮ್ಮನಿಗೆಂದು ತಂದಿದ್ದರು. ತಮ್ಮ ಕೆಲವು ದಿನ ಅದನ್ನು ಬಡಿದು ಕಪಾಟಿನ ಹಿಂದೆ ತಳ್ಳಿದ. ನಾನು ಎತ್ತಿಕೊಂಡೆ. ಕೆಲಸ ಸಿಕ್ಕಿ ಸಂಬಳ ಬರತೊಡಗಿದ ಮೇಲೆ ಎಲೆಕ್ಟ್ರಿಕ್ ಗಿಟಾರನ್ನೂ ಪುಟ್ಟದೊಂದು ಆಂಪ್ಲಿಫೈಯರನ್ನೂ ಕೊಂಡೆ. "ಮದಿ ಪ್ರಾಯದ್ ಹೆಣ್ಣ್ ತಂತಿ ಮೀಟ್ಕಂಡ್ ಕೂತಿತ್" ಎಂದು ಆಡಿಕೊಂಡವರು ಆಡಿಕೊಂಡರು. ಈಗ ಮದುವೆಯ ಪ್ರಾಯವೂ ಅವರ ಲೆಕ್ಕದಲ್ಲಿ ದಾಟಿ ಹೋಗಿರುವುದರಿಂದ ಸುಮ್ಮನಾಗಿದ್ದಾರೆ.

ಗಿಟಾರಿನ ಸ್ವರವನ್ನು ಬೇಕೆಂದೇ ಹರಿದು, ಒರಟು ಮಾಡಿ, ಉದ್ದಕ್ಕೆ ಎಳೆಯುವ ಒಂದು ಸಣ್ಣ ಪೆಟ್ಟಿಗೆ ಇದೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಇಟ್ಟು ಕಾಲಿನಲ್ಲಿ ಒತ್ತುವುದು. ಫಝ್ ಪೆಡಲ್ ಎನ್ನುತ್ತಾರೆ. ಅದರೊಳಗೆ ಇರುವುದು ಬಹಳ ಸ್ವಲ್ಪ: ಬೆರಳೆಣಿಕೆಯ ರೆಸಿಸ್ಟರುಗಳು, ಕೆಪಾಸಿಟರುಗಳು, ಎರಡು ಟ್ರಾನ್ಸಿಸ್ಟರ್. ಆದರೆ ಆ ಎರಡು ಟ್ರಾನ್ಸಿಸ್ಟರ್ ಈಗಿನ ಸಿಲಿಕಾನಿನವಾದರೆ ಸ್ವರ ಚೂಪಾಗಿ ಕಿವಿಗೆ ಚುಚ್ಚುತ್ತದೆ. ಹಳೆಯ ಕಾಲದ ರೇಡಿಯೊಗಳಲ್ಲಿ ಇರುತ್ತಿದ್ದ ಜರ್ಮೇನಿಯಂನವಾದರೆ ಗಂಟಲು ಕಟ್ಟಿದ ಮನುಷ್ಯನ ದನಿಯ ಹಾಗೆ ತುಂಬಿಕೊಂಡು ಬರುತ್ತದೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಅದೇ ದನಿ ತಿಳಿಯಾಗುತ್ತದೆ. ನನಗೆ ಅದು ಬೇಕಿತ್ತು. ಮಾಡಿದ ಪೆಡಲ್ ಕೊಳ್ಳುವ ಮನಸ್ಸಿರಲಿಲ್ಲ. ದಿನಾ ವಿದ್ಯುತ್ತಿನ ಪಾಠ ಮಾಡುವವಳು ಎರಡು ಟ್ರಾನ್ಸಿಸ್ಟರಿನ ಒಂದು ಡಬ್ಬಿ ಮಾಡಲಾರೆನೇ ಎಂಬ ಹಟವೂ ಇತ್ತು.

ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದೆ. "ಹಳೆಯ ಅಸಲಿ ಜರ್ಮೇನಿಯಂ" ಎಂದು ಬರೆದಿತ್ತು. ಬಂದವು ಹೊಳೆಯುತ್ತಿದ್ದವು. ಅರ್ಧ ಶತಮಾನ ದಾಟಿದ ವಸ್ತು ಹೀಗೆ ಹೊಳೆಯುತ್ತದೆಯೇ ಎಂದು ಆಗಲೇ ಮೂಗು ಮುರಿದೆ. ಮೀಟರ್ ಹಚ್ಚಿ ನೋಡಿದೆ. ಟ್ರಾನ್ಸಿಸ್ಟರಿನ ತಂತಿಗಾಲುಗಳ ನಡುವೆ, ಜರ್ಮೇನಿಯಂ ಆದರೆ ವೋಲ್ಟಿನ ಕಾಲು ಭಾಗದಷ್ಟೂ ತೋರಿಸುವುದಿಲ್ಲ, ಸಿಲಿಕಾನ್ ಅರ್ಧ ವೋಲ್ಟಿಗಿಂತ ಮೇಲೆ ತೋರಿಸುತ್ತದೆ. ಒಂದೊಂದನ್ನೂ ನೋಡಿದೆ. ಎಲ್ಲವೂ ಸಿಲಿಕಾನ್. ಹಳೆಯ ಹೆಸರನ್ನು ಹೊಸದಾಗಿ ಅಚ್ಚೊತ್ತಿ ಕಳಿಸಿದ್ದರು. ನಾನು ಅಳತೆಯ ಫೋಟೊ ತೆಗೆದು ಕಳಿಸಿದ್ದಕ್ಕೆ ಮಾರಿದವನ ಉತ್ತರ ಬಂತು: "ಮೇಡಂ, ಮನೆಯಲ್ಲಿ ಗೊತ್ತಿರುವ ಗಂಡಸರು ಇದ್ದರೆ ಒಮ್ಮೆ ಅವರಿಂದ ಚೆಕ್ ಮಾಡಿಸಿ." ಮೊಬೈಲನ್ನು ಗೋಡೆಗೆ ಎಸೆಯದೆ ಹೇಗೆ ಇಟ್ಟೆನೋ ಗೊತ್ತಿಲ್ಲ.

ಹಾಗಾಗಿ ಮಾವನ ನೆನಪಾದದ್ದು. ಅಮ್ಮನ ಅಣ್ಣ. ಬೈಂದೂರು ಪೇಟೆಯಲ್ಲಿ ಅವರದ್ದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿ ಮುಚ್ಚಿ ಬಹಳ ಕಾಲವಾಗಿದೆ. ಸಾಮಾನನ್ನೆಲ್ಲ ಕಿರಿಮಂಜೇಶ್ವರದ ಮನೆಗೆ ತಂದು ಹಾಕಿಕೊಂಡಿದ್ದಾರೆ. ಎಂಬತ್ತರ ಹತ್ತಿರದ ಪ್ರಾಯ. ಗಟ್ಟಿಮುಟ್ಟಾಗಿದ್ದಾರೆ. ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ಸಿಟ್ಟು ಅವರ ಕಡೆಯಿಂದಲೇ ಬಂದದ್ದೆಂದು ಅಮ್ಮ ಹೇಳುವುದುಂಟು.

ನಾನು ಹೊರಟ ದಿನ ಅಮ್ಮ, "ಟ್ರಾನ್ಸಿಸ್ಟರ್ ಹುಡ್ಕುಕೆ ಅಷ್ಟ್ ದೂರ ಹೋಯ್ಕಾ? ನಿನ್ ಅಪ್ಪಯ್ಯನ್ ಟ್ರಾನ್ಸಿಸ್ಟರ್ ಕಪಾಟಂಗೇ ಇತ್ತಲೆ" ಎಂದಳು. ಅವಳ ಮಟ್ಟಿಗೆ ಟ್ರಾನ್ಸಿಸ್ಟರ್ ಎಂದರೆ ವಾರ್ತೆ ಹೇಳುವ ಪೆಟ್ಟಿಗೆ. ಬಿಡಿಸಿ ಹೇಳುವ ತಾಳ್ಮೆ ಅವತ್ತು ಇರಲಿಲ್ಲ. ಬಸ್ಸು ಹತ್ತಿದೆ.

ಮಾವ ಜಗಲಿಯ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಮತ್ತು ಉಪ್ಪಿನಕಾಯಿಯ ಭರಣಿ ತಂದಿಟ್ಟರು. ಎರಡರಲ್ಲೂ ಟ್ರಾನ್ಸಿಸ್ಟರುಗಳು. ಕೆಲವು ಬೆಳ್ಳಿಯ ಬಣ್ಣದ ಪುಟ್ಟ ಲೋಹದ ಟೊಪ್ಪಿಗಳು, ಕೆಲವು ಕಪ್ಪು ಬಣ್ಣ ಬಳಿದವು. ಬೊಂಬಾಯಿಯಿಂದ ಬರುವವರು ತಂದ ರೇಡಿಯೊ, ದೋಣಿಯವರು ಹವಾಮಾನ ಕೇಳಲು ಇಟ್ಟುಕೊಂಡ ರೇಡಿಯೊ, ಮದುವೆಯಲ್ಲಿ ಉಡುಗೊರೆ ಬಂದ ರೇಡಿಯೊ ಹೀಗೆ ಕೆಟ್ಟು ಬಂದು ಮತ್ತೆ ಯಾರೂ ಒಯ್ಯದ ರೇಡಿಯೊಗಳಿಂದ ಬಿಚ್ಚಿ ಇಟ್ಟದ್ದು. ಕೆಲವುಗಳ ಕಾಲುಗಳಲ್ಲಿ ಹಳೆಯ ಬೆಸುಗೆಯ ಸೀಸ ಇನ್ನೂ ಅಂಟಿಕೊಂಡಿತ್ತು.

ಯಾತಕ್ಕೆ ಬೇಕೆಂದು ವಿವರಿಸಿದಾಗ ಮಾವ ನನ್ನ ಮುಖವನ್ನೇ ನೋಡಿದರು. "ಹೆಣೆ, ನಾನ್ ಜೀವ್ಮಾನ ಇಡೀ ಈ ಗರಗರ ತೆಗುಕೆ ಒದ್ದಾಡದ್ದ್. ನೀ ಕಂಡ್ರೆ ಅದನ್ನೇ ಹುಡ್ಕಂಡ್ ಬಂದಿದ್ಯಲೆ!"

"ಇದ್ ಚಂದದ್ ಗರಗರ ಮಾವ."

"ಗರಗರದಂಗೂ ಚಂದದ್, ಚಂದ ಇಲ್ದಿದ್ ಅಂತ ಇತ್ತಾ? ನಿಂಗ್ ಮರ್ಲ್" ಎಂದರು. ಆದರೂ ಕನ್ನಡಕ ತರಲು ಒಳಗೆ ಹೋದರು.

ಆರಿಸುವುದು ಸುಲಭದ ಕೆಲಸ ಆಗಿರಲಿಲ್ಲ. ಅದನ್ನು ನಾನಿಲ್ಲಿ ಹೇಳಲೇಬೇಕು, ಯಾಕೆಂದರೆ ಅವನು ವಿಡಿಯೊದಲ್ಲಿ "ಕಿವಿಯಲ್ಲೇ ಆರಿಸಿದೆ" ಎಂದದ್ದು ಈ ಕೆಲಸವನ್ನು. ಟ್ರಾನ್ಸಿಸ್ಟರಿಗೆ ಮೂರು ಕಾಲು. ಅದರಲ್ಲಿ ಬೇಸ್ ಎನ್ನುವ ಒಂದು ಕಾಲಿಗೆ ಏನೂ ಕೊಡದೆ ಬಿಟ್ಟರೆ ಉಳಿದೆರಡರ ನಡುವೆ ಕರೆಂಟ್ ಹರಿಯಬಾರದು. ಜರ್ಮೇನಿಯಂನಲ್ಲಿ ಮಾತ್ರ ಸ್ವಲ್ಪ ಹರಿಯುತ್ತಲೇ ಇರುತ್ತದೆ. ಅದು ಸೋರಿಕೆ. ಸಾದಾ ಮೀಟರಿಗೆ ಸಿಕ್ಕಿಸಿದರೆ ಮೀಟರ್ ಈ ಸೋರಿಕೆಯನ್ನೂ ಟ್ರಾನ್ಸಿಸ್ಟರ್ ಕರೆಂಟನ್ನು ಹಿಗ್ಗಿಸುವ ಬಲವೆಂದು ಸೇರಿಸಿ ತೋರಿಸುತ್ತದೆ. ಅದಕ್ಕೆ ನಾನು ಬ್ಯಾಟರಿ, ಎರಡು ರೆಸಿಸ್ಟರ್, ಒಂದು ಸ್ವಿಚ್ಚು ಸೇರಿಸಿ ಮರದ ಹಲಗೆಯ ಮೇಲೆ ಸಣ್ಣದೊಂದು ಪರೀಕ್ಷೆಯ ಸರ್ಕ್ಯೂಟ್ ಮಾಡಿಕೊಂಡು ಹೋಗಿದ್ದೆ. ಮೊದಲು ಸೋರಿಕೆ ನೋಡುವುದು, ಆಮೇಲೆ ಸ್ವಿಚ್ಚು ಒತ್ತಿ ಬೇಸಿಗೆ ಚೂರು ಕರೆಂಟ್ ಕೊಟ್ಟು ನೋಡುವುದು, ಎರಡನೆಯದರಿಂದ ಮೊದಲನೆಯದನ್ನು ಕಳೆಯುವುದು. ಉಳಿದದ್ದು ನಿಜವಾದ ಬಲ.

ಇಷ್ಟೇ ಆಗಿದ್ದರೆ ಸಾಕಿತ್ತು. ಆದರೆ ಜರ್ಮೇನಿಯಂಗೆ ಸೆಕೆ ಆಗಿಬರುವುದಿಲ್ಲ. ಬೆರಳಲ್ಲಿ ಹಿಡಿದರೆ ಮೈಯ ಬಿಸಿಗೇ ಸೋರಿಕೆ ಏರತೊಡಗುತ್ತದೆ. ಚಿಮುಟದಲ್ಲಿ ಹಿಡಿದು ಸಿಕ್ಕಿಸಿ, ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಬೆಳಿಗ್ಗೆ ಚೆನ್ನಾಗಿದ್ದ ಟ್ರಾನ್ಸಿಸ್ಟರ್ ಜಗಲಿಗೆ ಬಿಸಿಲು ಬಿದ್ದ ಮೇಲೆ ಬೇರೆಯೇ ಲೆಕ್ಕ ಹೇಳುತ್ತಿತ್ತು. ಪೆಡಲಿಗೆ ಬೇಕಾದ್ದು ಒಂದು ಜೋಡಿ: ಮೊದಲನೆಯದರ ಬಲ ಸ್ವಲ್ಪ ಕಡಿಮೆ, ಎರಡನೆಯದರ ಬಲ ಹೆಚ್ಚು, ಎರಡರ ಸೋರಿಕೆಯೂ ಹಿಡಿತದಲ್ಲಿರಬೇಕು.

ಮಾವ ಭರಣಿಯಿಂದ ಒಂದನ್ನು ಎತ್ತಿ, "ಇದ್ ತಕೋ. ಇದ್ರಷ್ಟ್ ಒಳ್ಳೇದ್ ಈ ರಾಶಿಯಂಗೇ ಇಲ್ಲೆ. ನಾನ್ ಬೇಕಂತ್ಲೇ ತೆಗ್ದಿಟ್ಟದ್ದ್" ಎಂದರು. ಹಚ್ಚಿ ನೋಡಿದರೆ ಅದರಷ್ಟು ಸೋರುವುದು ಆ ರಾಶಿಯಲ್ಲಿ ಇನ್ನೊಂದಿರಲಿಲ್ಲ. ಹೇಳಿದೆ. ಅವರಿಗೆ ಸಿಟ್ಟು ಬಂತು. ನನ್ನ ಹಲಗೆಯನ್ನೇ ಬೈದರು. ಬೇರೆ ಬ್ಯಾಟರಿ ಹಾಕಿಸಿದರು. ಮತ್ತೂ ಅದೇ ಬಂತು. ಎದ್ದು ಒಳಗೆ ಹೋಗಿ ಕಾಫಿ ಕುಡಿದು ಬಂದು, "ಹಳ್ತ್ ಆಯ್ತ್ ಅದ್, ನನ್ನಾಂಗೇ" ಎಂದು ಕುಳಿತುಕೊಂಡರು. ಆಮೇಲೆ ಅವರು ಸಿಕ್ಕಿಸುವುದು, ನಾನು ಓದುವುದು. ಒಂದು ರಜೆ ಸಾಲಲಿಲ್ಲ. ಭಾನುವಾರಗಳಲ್ಲಿ ಗಿಟಾರನ್ನೂ ಆಂಪ್ಲಿಫೈಯರನ್ನೂ ಹೊತ್ತುಕೊಂಡು ಮತ್ತೆ ಹೋದೆ. ಕೆಲವು ಸತ್ತಿದ್ದವು, ಕೆಲವುಗಳ ಕಾಲು ಮುಟ್ಟಿದರೆ ಮುರಿಯುತ್ತಿತ್ತು. ಲೆಕ್ಕದಲ್ಲಿ ಹೊಂದಿದ ಜೋಡಿಗಳನ್ನೂ ಗಿಟಾರಿಗೆ ಹಚ್ಚಿ ಕೇಳಿದೆ. ಒಂದು ಜೋಡಿಯಲ್ಲಿ ಸ್ವರ ಕೊನೆಗೆ ತುಂಡಾಗಿ ಬೀಳುತ್ತಿತ್ತು, ಇನ್ನೊಂದರಲ್ಲಿ ಹಿಂದೆ ಸದಾ ಸುಯ್ ಎಂಬ ಸದ್ದು. ಕೊನೆಗೊಂದು ಜೋಡಿ ಸಿಕ್ಕಿತು. ಮೊದಲ ತಂತಿ ಮೀಟಿದಾಗಲೇ ಅಡುಗೆಮನೆಯಿಂದ ಅತ್ತೆ, "ಇದ್ ಸಮಾ ಆಯ್ತ್ ಕಾಣ್" ಎಂದರು. ಮಾವ ಇನ್ನೊಮ್ಮೆ ನುಡಿಸೆಂದು ಕೈಯಲ್ಲಿ ಸನ್ನೆ ಮಾಡಿದರು.

ಹಾಳಾದ ಸ್ಟೆಬಿಲೈಸರೊಂದರ ತಗಡು ಕತ್ತರಿಸಿ ಡಬ್ಬಿ ಮಾಡಿದೆ. ಬಣ್ಣ ಬಳಿಯಲಿಲ್ಲ. ಗೀರು ಬಿತ್ತು. ಇರಲಿ ಎಂದು ಬಿಟ್ಟೆ.

ಇನ್ನು ಅವನ ವಿಷಯ. ಬ್ರಹ್ಮಾವರದಲ್ಲಿ ಒಂದು ರಸಮಂಜರಿ ತಂಡವಿದೆ. ಮದುವೆ ಮನೆಗಳ ಮೆಹಂದಿ, ವಾರ್ಷಿಕೋತ್ಸವ, ಸಂಘದ ಕಾರ್ಯಕ್ರಮ ಎಲ್ಲ ಕಡೆಗೂ ಹೋಗುತ್ತಾರೆ. ಅದರ ಯಜಮಾನ ಗಿಟಾರ್ ನುಡಿಸುತ್ತಾನೆ. ನನ್ನದೇ ಪ್ರಾಯ. ಎಲ್ಲರೂ ಅವನನ್ನು "ಅಣ್ಣ" ಎಂದು ಕರೆಯುತ್ತಾರೆ, ಹಾಗಾಗಿ ನಾನೂ ಕರೆಯುತ್ತಿದ್ದೆ. ಅವನ ವಿಡಿಯೊಗಳನ್ನು ಊರಿನವರೂ ದುಬೈಯಲ್ಲಿದ್ದವರೂ ನೋಡುತ್ತಾರೆ. ಭಾನುವಾರ ಸಂಜೆ ಅವರ ಅಭ್ಯಾಸಕ್ಕೆ ನಾನೂ ಹೋಗುತ್ತಿದ್ದೆ. ಸ್ಟೇಜಿಗೆ ಒಮ್ಮೆಯೂ ಕರೆದಿರಲಿಲ್ಲ. "ಹೆಂಗ್ಸರ್ ಮಟ್ಟಿಗ್ ಟೀಚರ್ ಒಳ್ಳೆ ನುಡಿಸ್ತ್ರ್" ಎಂದು ಹೊಸಬರಿಗೆ ಪರಿಚಯ ಮಾಡಿಸುತ್ತಿದ್ದ. ಆಗ ನಾನು ನಗುತ್ತಿದ್ದೆ. ಯಾಕೆ ನಕ್ಕೆ ಎಂದು ಈಗ ಹಲ್ಲು ಕಡಿಯುತ್ತೇನೆ.

ಪೆಡಲ್ ಒಯ್ದ ದಿನ ಅಭ್ಯಾಸ ಅರ್ಧಕ್ಕೆ ನಿಂತಿತು. ಡ್ರಮ್ಮಿನವನು ಕೋಲು ಕೆಳಗಿಟ್ಟು ಕೇಳಿದ. ಅಣ್ಣ ಮಂಡಿಯೂರಿ ಕುಳಿತು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಂತ ಸೌಂಡ್ ಟೀಚರೇ ಇದ್! ಒಂದ್ ವಾರ ನನ್ ಹತ್ರ ಇರ್ಲಿ. ಒಂದ್ ಪ್ರೋಗ್ರಾಮಿಗ್ ಹಾಕಿ ಕಂಡ್ ಕೊಡ್ತೆ."

ಮನಸ್ಸಿರಲಿಲ್ಲ. ಆದರೆ ಎಲ್ಲರ ಮುಂದೆ ಕೇಳಿದ್ದ. "ಬಿಸ್ಲಿಗ್ ಮಾತ್ರ ಇಡ್ಬೇಡಿ" ಎಂದೆ. "ಆಂಪ್ಲಿಫೈಯರ್ ಮೇಲೂ ಇಡ್ಬೇಡಿ. ಒಳ್ಗಿದ್ದದ್ ಹಳೇ ಕಾಲದ್. ಸೆಕೆ ತಡಿತಿಲ್ಲೆ." ಎಲ್ಲಿಂದ ತಂದದ್ದು, ಹೇಗೆ ಆರಿಸಿದ್ದು ಎಂದು ಕೇಳಿದ. ಬೈಂದೂರಿನ ಮಾವನ ಅಂಗಡಿಯ ಕತೆಯನ್ನೆಲ್ಲ ಖುಷಿಯಿಂದ ಹೇಳಿದೆ. ಅವನು ಕಿವಿಗೊಟ್ಟು ಕೇಳಿದ. ಅಷ್ಟು ಗಮನವಿಟ್ಟು ಯಾಕೆ ಕೇಳುತ್ತಿದ್ದನೆಂದು ಆಗ ತಿಳಿಯಲಿಲ್ಲ.

ವಾರ ಕಳೆಯಿತು, ತಿಂಗಳೂ ಕಳೆಯಿತು. ಕೇಳಿದಾಗಲೆಲ್ಲ "ಬಪ್ಪ ವಾರ ಕೊಡ್ತೆ" ಎಂದ. ಮಾರ್ಚಿನಲ್ಲಿ ಆ ವಿಡಿಯೊ ಬಂತು.

ವಿಡಿಯೊದಲ್ಲಿ ಅವನು ಡಬ್ಬಿಯನ್ನು ಕ್ಯಾಮರಾದ ಮುಂದೆ ಹಿಡಿದು ಚೊಕ್ಕ ಕನ್ನಡದಲ್ಲಿ ಮಾತಾಡುತ್ತಾನೆ. ಈ ಸ್ವರಕ್ಕಾಗಿ ಕರಾವಳಿಯ ಹಳೆಯ ರೇಡಿಯೊ ಅಂಗಡಿಗಳನ್ನೆಲ್ಲ ಅಲೆದೆ ಎನ್ನುತ್ತಾನೆ. ಬೈಂದೂರಿನಲ್ಲಿ ಒಬ್ಬರು ಹಿರಿಯ ರೇಡಿಯೊ ಮೆಕ್ಯಾನಿಕ್ ಇದ್ದರು, ಈಗ ಅವರಿಲ್ಲ, ಅವರು ಬಿಟ್ಟು ಹೋದ ಪೆಟ್ಟಿಗೆಯಿಂದ ನೂರಾರು ಟ್ರಾನ್ಸಿಸ್ಟರ್ ಕೇಳಿ ನೋಡಿ ಕಿವಿಯಲ್ಲೇ ಆರಿಸಿದೆ ಎನ್ನುತ್ತಾನೆ. ದನಿ ಭಾರ ಮಾಡಿಕೊಂಡು, ಈ ಸ್ವರ ಅವರಿಗೆ ನನ್ನ ನಮನ ಎನ್ನುತ್ತಾನೆ. ಕೆಳಗೆ ಜನ ಕೈಮುಗಿದ ಚಿತ್ರ ಹಾಕಿದ್ದರು.

ಶಾಲೆ ಬಿಟ್ಟ ಕೂಡಲೇ ಬಸ್ ನಿಲ್ದಾಣದಲ್ಲಿ ನಿಂತು ಫೋನ್ ಮಾಡಿದೆ. ಸುತ್ತ ಜನ ಇದ್ದರು. ದನಿ ತಗ್ಗಿಸಲಿಲ್ಲ.

"ಅಯ್ಯೋ ಟೀಚರೇ, ಅದೆಲ್ಲ ಸುಮ್ನೆ ಕತೆ" ಎಂದ. "ಜನಕ್ಕೆ ಒಂದ್ ಕತೆ ಬೇಕಾತ್ತ್. ಹೈಸ್ಕೂಲ್ ಟೀಚರೊಬ್ರ್ ಮನಿಯಂಗ್ ಕೂಕಂಡ್ ಮಾಡದ್ದ್ ಅಂದ್ರೆ ಯಾರ್ ಕಾಂತ್ರ್ ಹೇಳಿ?"

"ನನ್ ಮಾವ ಸತ್ತೀರ್ ಅಂತ ಯಾರ್ ಹೇಳದ್ದ್ ನಿಮ್ಗೆ?"

"ಬದ್ಕಿದ್ರಾ? ಒಳ್ಳೇದೇ ಆಯ್ತಲೆ."

ಫೋನ್ ಇಟ್ಟೆ. ನನ್ನ ಬಸ್ಸು ಬಂದದ್ದೂ ಹೋದದ್ದೂ ಕಾಣಲಿಲ್ಲ.

ಮರುದಿನ ಅತ್ತೆಯ ಫೋನ್ ಬಂತು. ಬೊಂಬಾಯಿಯಲ್ಲಿದ್ದ ಅವರ ದೂರದ ತಂಗಿಯೊಬ್ಬಳು ವಿಡಿಯೊ ನೋಡಿ ಅಳುತ್ತ ಫೋನ್ ಮಾಡಿದ್ದಳಂತೆ, ನಮಗೊಂದು ಮಾತು ತಿಳಿಸಲಿಲ್ಲವಲ್ಲ ಎಂದು. ಅತ್ತೆ ಹೆದರಿ ಜಗಲಿಗೆ ಓಡಿ ಬಂದು ನೋಡಿದರೆ ಮಾವ ಅಲ್ಲಿ ಕುಳಿತು ತೆಂಗಿನಗರಿ ಸೀಳುತ್ತಿದ್ದರಂತೆ. ಹೇಳುವಾಗ ಅತ್ತೆಗೆ ನಗುವೂ ಬರುತ್ತಿತ್ತು, ಅಳುವೂ. ನನಗೆ ಎರಡೂ ಬರಲಿಲ್ಲ. ಶನಿವಾರ ಮಧ್ಯಾಹ್ನ ಕಿರಿಮಂಜೇಶ್ವರಕ್ಕೆ ಹೋಗಿ ಮಾವನಿಗೆ ವಿಡಿಯೊ ತೋರಿಸಿದೆ. ಅವರು ಪೂರ್ತಿ ನೋಡಿದರು.

"ನಾನ್ ಯಾವತ್ ಸತ್ತದ್ದಂಬ್ರ್? ಉತ್ತರಕ್ರಿಯೆಗ್, ಬೊಜ್ಜದ್ ಊಟಕ್ ಊರ್‌ನೆಲ್ಲ ಕರ್ದಿದ್ನಾ ಅವ, ಇಲ್ಯಾ?"

"ನಂಗೊತ್ತಿಲ್ಲೆ ಮಾವ."

"ನೂರಾರ್ ಕಂಡ್ನಂಬ್ರ್! ಈ ಜಗ್ಲಿ ಮೆಟ್ಲ್ ಹತ್ತಿದ್ನಾ ಒಂದ್ ದಿನ?" ಮೊಬೈಲನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು. "ಅವ ಈಗ ಎಲ್ಲಿ ಸಿಕ್ತ?"

ಮರುದಿನ ಬೀಜಾಡಿಯ ಕಡಲತೀರದಲ್ಲಿ ತಂಡದ ಕಾರ್ಯಕ್ರಮವಿತ್ತು. ಅದೂ ವಿಡಿಯೊದ ಕೆಳಗೇ ಬರೆದಿತ್ತು. ಅತ್ತೆ ಬೇಡವೆಂದರು. ಅಮ್ಮ ಫೋನಿನಲ್ಲಿ ಬೇಡವೆಂದಳು. ಮಾವ ಇಸ್ತ್ರಿ ಮಾಡಿದ ಅಂಗಿ ತೆಗೆದಿಡಿ ಎಂದರು.

ನಾವು ಬೀಜಾಡಿ ತಲುಪಿದಾಗ ಸಂಜೆಯಾಗಿರಲಿಲ್ಲ. ಬಿಸಿಲು ಕಡಲ ಮೇಲಿಂದ ನೇರ ಸ್ಟೇಜಿಗೆ ಹೊಡೆಯುತ್ತಿತ್ತು. ಕುರ್ಚಿಗಳನ್ನು ಇನ್ನೂ ಸಾಲಾಗಿ ಇಡುತ್ತಿದ್ದರು. ತಂಡದವರು ಸೌಂಡ್ ಚೆಕ್ ಮಾಡುತ್ತಿದ್ದರು. ರಿಕ್ಷಾದಿಂದ ಇಳಿಯುವಾಗಲೇ ನನ್ನ ಪೆಡಲಿನ ದನಿ ಕೇಳಿತು. ಕೇಳಿದ ಕೂಡಲೇ ಏನಾಗಿದೆ ಎಂದು ಗೊತ್ತಾಯಿತು. ಸ್ವರ ಹುಟ್ಟುತ್ತಲೇ ಉಸಿರು ಕಟ್ಟುತ್ತಿತ್ತು. ಎರಡು ಸಲ ಕೆಮ್ಮಿದ ಹಾಗೆ ಬಂದು ಪೂರ್ತಿ ನಿಂತಿತು. ಹತ್ತಿರ ಹೋಗಿ ನೋಡಿದರೆ ಕಪ್ಪು ಬಟ್ಟೆ ಹಾಸಿದ ಸ್ಟೇಜಿನ ಮುಂಭಾಗದಲ್ಲಿ, ಒಂದು ಚೂರೂ ನೆರಳಿಲ್ಲದ ಕಡೆ ನನ್ನ ಡಬ್ಬಿ ಇತ್ತು. ಬೇಡ ಎಂದು ಹೇಳಿದ್ದನ್ನೇ ಮಾಡಿದ್ದ.

ಅಣ್ಣ ನನ್ನನ್ನು ನೋಡಿದ. ನಾಚಿಕೆಪಡುತ್ತಾನೆ, ಕನಿಷ್ಠ ತಡವರಿಸುತ್ತಾನೆ ಎಂದುಕೊಂಡಿದ್ದೆ. ಅವನು ಮೈಕಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ, "ಓ, ಬಂದ್ರಲೆ! ಟೀಚರೇ, ನಿಮ್ ಡಬ್ಬಿ ಕೈ ಕೊಡ್ತ್. ಎಂತ ಮಾಡಿಟ್ಟಿದ್ರಿ ಇದ್ರೊಳ್ಗೆ?" ಎಂದ.

ಚೆನ್ನಾಗಿ ನುಡಿಯುವಾಗ ಅದು ಅವನದು. ಕೆಟ್ಟಾಗ ನನ್ನದು. ಬೇರೆ ಯಾವ ಮಾತನ್ನಾದರೂ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಇದನ್ನು ನುಂಗಲು ಆಗಲಿಲ್ಲ. ಮೆಟ್ಟಿಲು ಹತ್ತಿದೆ. ನನ್ನ ಹಿಂದೆಯೇ ಮಾವ ಹತ್ತಿದರು.

ಮಾವ ನೇರ ಅವನ ಮುಂದೆ ಹೋಗಿ ನಿಂತರು. "ಹ್ವಾಯ್, ಬೈಂದೂರಂಗ್ ಸತ್ತೋದ್ ರೇಡಿಯೊದವ ನಾನೇ. ಎಂತಾರೂ ಕೇಣುದಿದ್ರೆ ಈಗ್ಳೇ ಕೇಣಿ" ಎಂದರು. ಮೈಕ್ ಇನ್ನೂ ಅವನ ಕೈಯಲ್ಲಿತ್ತು. ಕುರ್ಚಿ ಜೋಡಿಸುತ್ತಿದ್ದವರು ನಿಂತು ನೋಡಿದರು. ಡ್ರಮ್ಮಿನವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಅಣ್ಣ ಮೈಕ್ ಕೆಳಗಿಳಿಸಿದ. "ಕೂಕಣಿ ಅಜ್ಜ, ಬಿಸ್ಲ್ ಇತ್ತ್" ಎಂದ.

"ಬಿಸ್ಲ್ ನಂಗೊಂದೇ ಅಲ್ಲ, ಅದ್ಕೂ ಇತ್ತ್" ಎಂದು ಮಾವ ಡಬ್ಬಿ ತೋರಿಸಿದರು.

ನಾನು ಬಗ್ಗಿ ಡಬ್ಬಿ ಎತ್ತಿದೆ. ಕೈ ಸುಟ್ಟಿತು. ಸ್ಟೇಜಿನ ಪಕ್ಕದಲ್ಲಿ ಶರಬತ್ತಿನ ಗಾಡಿ ಇತ್ತು. ಅದರವನ ಹತ್ತಿರ ಒಂದಿಷ್ಟು ಐಸ್ ಕೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಟವೆಲು ಸುತ್ತಿ ಡಬ್ಬಿಯ ಮೇಲೆ ಇಟ್ಟುಕೊಂಡು ನೆರಳಲ್ಲಿ ನಿಂತೆ. ಅಣ್ಣ ಬಂದು, "ಸರಿ ಆತ್ತಾ ಟೀಚರೇ? ಇವತ್ ಮೊದಲ್ನೇ ಹಾಡಿಗೇ ಅದ್ ಬೇಕ್" ಎಂದ. ನಾನು ಐಸಿನ ಚೀಲವನ್ನು ಡಬ್ಬಿಯ ಇನ್ನೊಂದು ಬದಿಗೆ ಒತ್ತಿದೆ. ಡಬ್ಬಿ ತಣ್ಣಗಾಯಿತು. ಮತ್ತೆ ಸ್ಟೇಜಿಗೆ ಹೋಗಿ, ಡಬ್ಬಿಯನ್ನು ಸ್ಪೀಕರಿನ ನೆರಳಲ್ಲಿಟ್ಟು, ಅವನ ಗಿಟಾರನ್ನು ಅವನನ್ನು ಕೇಳದೆ ಎತ್ತಿಕೊಂಡು ಕೇಬಲ್ ಸಿಕ್ಕಿಸಿದೆ.

ಏನು ನುಡಿಸಿದೆನೋ ಸರಿಯಾಗಿ ನೆನಪಿಲ್ಲ. ಯಾವ ಹಾಡೂ ಅಲ್ಲ. ಕೆಳಗಿನ ತಂತಿಯಿಂದ ಶುರು ಮಾಡಿ ಕೈ ಹೋದ ಕಡೆ ಹೋದೆ. ಅಷ್ಟು ದೊಡ್ಡ ಸ್ಪೀಕರುಗಳಲ್ಲಿ ನನ್ನ ಪೆಡಲನ್ನು ನಾನು ಕೇಳಿದ್ದು ಅದೇ ಮೊದಲು. ಆ ಒರಟು ದನಿ ಮರಳಿನ ಮೇಲೆ ಹರಡಿ ಹೋಯಿತು. ಮೀನುಗಾರರ ಬಲೆಯ ಹತ್ತಿರ ಕುಳಿತಿದ್ದವರು ಎದ್ದು ನಿಂತರು. ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಬೆರಳಿಗೆ ಇಳಿದಿತ್ತು. ಅಳು ಬರುತ್ತದೆ ಎನ್ನಿಸಿತು, ಬರಲಿಲ್ಲ. ನಿಲ್ಲಿಸಿದಾಗ ಡ್ರಮ್ಮಿನವನು ಒಬ್ಬನೇ ಚಪ್ಪಾಳೆ ತಟ್ಟಿದ.

ಆಮೇಲೆ ಕೇಬಲ್ ಕಿತ್ತು, ಡಬ್ಬಿ ಎತ್ತಿ ಚೀಲಕ್ಕೆ ಹಾಕಿಕೊಂಡೆ.

"ಟೀಚರೇ, ಎಂತ ಮಾಡ್ತ್ರಿ? ಪ್ರೋಗ್ರಾಂ ಇತ್ತಲೆ!"

"ನೀವೇ ಊರೂರ್ ತಿರ್ಗಿ ಕಿವಿಯಂಗೇ ಆರ್ಸದ್ದಲ್ದಾ? ಇನ್ನೊಂದ್ ಜೋಡಿ ಆರ್ಸ್ಕಣಿ."

"ಇಷ್ಟ್ ಸಣ್ ವಿಷ್ಯಕ್ಕೆ ಹೀಂಗ್ ಮಾಡೂದಾ? ಬೇಕಾರ್ ನಿಮ್ ಹೆಸ್ರ್ ಹೇಳ್ತೆ ಇವತ್ ಸ್ಟೇಜಂಗೆ."

ಬೇಕಾದರೆ! ಆ ಒಂದು ಪದಕ್ಕೆ ಮತ್ತೆ ತಿರುಗಿ ನಿಂತೆ. ಮಾವ ನನ್ನ ಮೊಣಕೈ ಹಿಡಿದರು. "ಸಾಕ್ ಮಗ, ಹೋಪ" ಎಂದರು. ಹೋದೆವು. ರಿಕ್ಷಾದಲ್ಲಿ ಮಾವ, "ಒಳ್ಳೇದ್ ನುಡ್ಸದೆ" ಎಂದರು. ಗರಗರದ ಬಗ್ಗೆ ಮಾತಾಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಮುಗಿಯಲಿಲ್ಲ. ಆ ವಿಡಿಯೊ ಈಗಲೂ ಇದೆ. ಅತ್ತೆ ಫೋನ್ ಮಾಡಿ ಬೈದದ್ದಕ್ಕೆ "ಈಗ ಅವರಿಲ್ಲ" ಎಂಬ ಮಾತನ್ನು ಮಾತ್ರ ಕತ್ತರಿಸಿ ಹಾಕಿದ್ದಾನೆ. ಉಳಿದದ್ದು ಹಾಗೇ ಇದೆ. ಮಾವ ಬದುಕಿದ್ದಾರೆಂದು ಆಯಿತಲ್ಲ, ಅತ್ತೆಗೂ ಮಾವನಿಗೂ ಅಷ್ಟು ಸಾಕು. ನನಗೆ ಸಾಲದು. ಟೀಚರಿಗೆ ಅಹಂಕಾರ, ಕಾರ್ಯಕ್ರಮದ ದಿನವೇ ಬಂದು ಕೈಕೊಟ್ಟರು ಎಂದು ಅವನು ಹೇಳಿಕೊಂಡು ತಿರುಗಿದ್ದಾನೆ. ಶಾಲೆಯ ಹೆಡ್ಮಾಸ್ಟರರವರೆಗೂ ಅದು ಬಂತು. ಅವರು ನನ್ನನ್ನು ಕರೆದು, ನೀವು ಗೌರವದ ಕೆಲಸದಲ್ಲಿರುವವರು, ಸ್ಟೇಜಿನ ಮೇಲೆ ಜಗಳ ಬೇಕಿತ್ತೇ ಎಂದು ಕೇಳಿದರು. ಅವನಿಗೆ ಯಾರಾದರೂ ಹೀಗೆ ಕರೆದು ಕೇಳಿದ್ದಾರೆಯೇ ಎಂದೆ. ಅವರು ಫೈಲು ತೆರೆದುಕೊಂಡರು.

ಕನ್ನಡ ಟೀಚರ್ ಒತ್ತಾಯ ಮಾಡಿದ್ದಕ್ಕೆ ನಾನೂ ಒಂದು ವಿಡಿಯೊ ಮಾಡಿ ಹಾಕಿದೆ. ಪರೀಕ್ಷೆಯ ಹಲಗೆ, ಭರಣಿ, ಮಾವ, ಸೋರಿಕೆಯನ್ನು ಕಳೆಯುವ ಲೆಕ್ಕ ಎಲ್ಲ ತೋರಿಸಿದೆ. ನೋಡಿದವರು ಕೆಲವೇ ಜನ. ಅದರಲ್ಲೊಬ್ಬ ಬರೆದಿದ್ದ: "ಅಣ್ಣನನ್ನು ಕಾಪಿ ಮಾಡುವುದು ಬಿಟ್ಟು ಸ್ವಂತದ್ದು ಏನಾದರೂ ಮಾಡಿ ಮೇಡಂ."

ಶಂಕರನಾರಾಯಣದ ಕಡೆಯ ಒಬ್ಬ ಹುಡುಗಿ, ಕಾಲೇಜಿನವಳು, ಅದನ್ನು ನೋಡಿ ನನಗೊಂದು ಸಂದೇಶ ಕಳಿಸಿದಳು. ತಾನೂ ಮಾಡಬೇಕು, ಸೋರಿಕೆ ಎಷ್ಟಿದ್ದರೆ ತಡೆಯಬಹುದು ಎಂದು ಕೇಳಿದ್ದಳು. ಅಂಕಿ ಸಹಿತ ಉತ್ತರ ಬರೆದೆ. ತಂಡದ ಡ್ರಮ್ಮಿನವನೂ ಬರೆದಿದ್ದ: ಅಣ್ಣ ಎಲ್ಲ ಮರೆತಿದ್ದಾರೆ, ನೀವೂ ಮರೆತು ಭಾನುವಾರ ಬನ್ನಿ. ಆ ಅಣ್ಣನಿಗೆ ಮರೆಯುವುದು ಎಷ್ಟು ಸುಲಭ! ಅದಕ್ಕೆ ಉತ್ತರ ಬರೆಯಲಿಲ್ಲ.

ಈಗ ಮಳೆಗಾಲ. ಗಾಳಿ ತಣ್ಣಗಿದೆ, ಟ್ರಾನ್ಸಿಸ್ಟರುಗಳಿಗೆ ಹೇಳಿ ಮಾಡಿಸಿದ ಹವೆ. ಶಾಲೆಯಿಂದ ಬಂದವಳೇ ಕಾಫಿ ಕುಡಿದು ಗಿಟಾರ್ ಹಿಡಿದು ಕುಳಿತುಕೊಳ್ಳುತ್ತೇನೆ. ಮೊನ್ನೆ ಪಕ್ಕದ ಮನೆಯವರು ಕೊಡೆ ಹಿಡಿದು ಗೇಟಿನ ಹತ್ತಿರ ಬಂದು, "ಸೌಂಡ್ ಒಂಚೂರ್ ಕಮ್ಮಿ ಮಾಡೂಕ್ ಆತ್ತಾ ಟೀಚರೇ?" ಎಂದು ಕೇಳಿದರು. ಒಳ್ಳೆಯವರು, ಅವರ ಮೇಲೆ ನನಗೇನೂ ಇಲ್ಲ. ಇವತ್ತು ಆಗುವುದಿಲ್ಲ ಎಂದು ಹೇಳಿ ಕಿಟಕಿ ಮಾತ್ರ ಹಾಕಿಕೊಂಡೆ.